ಮರಳು ಮತ್ತು ಮೋಟರ್‌ಬೈಕು

ತಿ. ನರಸೀಪುರದಲ್ಲಿ ಕಪಿಲೆ ಬಂದು ಕಾವೇರಿಯನ್ನು ಸೇರುತ್ತಾಳೆ. ಇದೇ ತಾಲ್ಲೂಕಿನ ತಲಕಾಡಿನಲ್ಲಿ ಹೊಳೆಯ ಮರಳು ದಿಬ್ಬವಾಗಿ ಬೆಳೆದು ದೇವಸ್ಥಾನಗಳನ್ನೇ ಮುಚ್ಚಿಹಾಕಿತ್ತು. ಹೊಳೆ ಮರಳಿನಲ್ಲಿ ಬೆಣಚುಕಲ್ಲಿನ ಪುಡಿಯೇ ಹೆಚ್ಚು. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅದರ ಅಂಕ 7. ಕಬ್ಬಿಣ, ಅಲ್ಯೂಮಿನಿಯಂ ಎರಡೂ ಅದರ ಮುಂದೆ ಮೆದು. ನಾಲೆ ಏರಿಯ ಮೇಲೆ, ಕಬ್ಬಿನ ಗದ್ದೆಯ ಬಂಡಿಜಾಡಿನಲ್ಲಿ ಬೈಕ್ ಓಡಿಸುವವರು ಮೊದಲು ತಿಳಿಯಬೇಕಾದದ್ದು ಇದನ್ನೇ.

ಎಂಜಿನ್ ಕುಡಿಯುವುದು ಪೆಟ್ರೋಲಿಗಿಂತ ಹೆಚ್ಚಾಗಿ ಗಾಳಿಯನ್ನು. ಹೀರೋ ಎಕ್ಸ್‌ಪಲ್ಸ್‌ನಂಥ 200 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 8,000 ಸುತ್ತು ತಿರುಗಿದರೆ 4,000 ಸಲ ಉಸಿರೆಳೆಯುತ್ತದೆ. ಲೆಕ್ಕದಲ್ಲಿ ಸುಮಾರು 800 ಲೀಟರ್ ಗಾಳಿ. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಸಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ಅಲ್ಲಿಗೆ ಬೆಣಚಿನ ಪುಡಿ ಹೊಕ್ಕರೆ ರಿಂಗ್ ಸವೆಯುತ್ತದೆ, ಎಂಜಿನ್ ಆಯಿಲ್ ಉರಿಯತೊಡಗುತ್ತದೆ, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ.

ಇದನ್ನು ತಡೆಯುವುದು ಏರ್ ಫಿಲ್ಟರ್ ಒಂದೇ. ರಸ್ತೆ ಬೈಕುಗಳಲ್ಲಿ ಸಾಮಾನ್ಯವಾಗಿ ಕಾಗದದ ಫಿಲ್ಟರ್ ಇರುತ್ತದೆ. ದೂಳು ತುಂಬಿದರೆ ಅದನ್ನು ಬದಲಿಸಬೇಕು. ಕೆಟಿಎಂ, ಕವಾಸಾಕಿ ಕಂಪನಿಗಳ ಅಪ್ಪಟ ಡರ್ಟ್ ಬೈಕುಗಳಲ್ಲಿರುವುದು ಫೋಮ್. ಫೋಮಿನ ತೂತುಗಳು ದೂಳಿನ ಕಣಕ್ಕಿಂತ ದೊಡ್ಡವು. ಕಣವನ್ನು ಹಿಡಿಯುವುದು ತೂತಲ್ಲ, ಹಲಸಿನ ಮೇಣದಂತೆ ಅಂಟುವ ಫಿಲ್ಟರ್ ಎಣ್ಣೆ. ಎಣ್ಣೆಯಿಲ್ಲದ ಫೋಮ್ ಇದ್ದೂ ಇಲ್ಲದಂತೆ. ತೊಳೆಯಲು ಪೆಟ್ರೋಲ್ ಬಳಸಬೇಡಿ: ಬೆಂಕಿಯ ಅಪಾಯ ಒಂದು ಕಡೆ, ಫೋಮಿನ ಅಂಟು ಬಿಡುವುದು ಇನ್ನೊಂದು ಕಡೆ. ಫಿಲ್ಟರ್ ಕ್ಲೀನರ್ ಹಾಕಿ, ಸೋಪಿನ ನೀರಲ್ಲಿ ಅದ್ದಿ, ಹಿಂಡದೆ ಅದುಮಿ, ನೆರಳಲ್ಲಿ ಒಣಗಿಸಿ, ಮತ್ತೆ ಎಣ್ಣೆ ಹಚ್ಚಬೇಕು. ಅಂಚಿಗೆ ಗ್ರೀಸ್ ಸವರುವುದು ಮರೆಯಬಾರದು. ಎಷ್ಟೋ ಸಲ ದೂಳು ನುಗ್ಗುವುದು ಅಲ್ಲಿಂದಲೇ.

ಕಂಪನಿಗಳ ನಡುವಿನ ವ್ಯತ್ಯಾಸ ಗೊತ್ತಾಗುವುದು ಎಂಜಿನ್ ಬಿಚ್ಚಿದಾಗ. 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್. ಅವುಗಳಲ್ಲಿ ಗಾಳಿ ಮೊದಲು ಕ್ರ್ಯಾಂಕ್ ಕೇಸಿಗೆ ಇಳಿದು ಆಮೇಲೆ ಸಿಲಿಂಡರಿಗೆ ಏರುತ್ತದೆ, ಹಾಗಾಗಿ ದೂಳಿನ ಮೊದಲ ಪೆಟ್ಟು ಕ್ರ್ಯಾಂಕ್ ಬೇರಿಂಗಿಗೆ. ಆದರೆ ಬೀಡುಕಬ್ಬಿಣದ ಸಿಲಿಂಡರ್ ಸವೆದರೆ ಬೋರ್ ಹೊಡೆಸಿ, ಒಂದು ಸೈಜ್ ದೊಡ್ಡ ಪಿಸ್ಟನ್ ಕೂರಿಸಿ ಬದುಕಿಸಬಹುದು. ಇಂದಿನ ರೇಸಿಂಗ್ ಡರ್ಟ್ ಬೈಕುಗಳ ಅಲ್ಯೂಮಿನಿಯಂ ಸಿಲಿಂಡರಿಗೆ ಒಳಗೆ ನಿಕ್ಕಲ್-ಸಿಲಿಕಾನ್ ಕಾರ್ಬೈಡ್ ಲೇಪವಿರುತ್ತದೆ. ಅದು ಮರಳಿಗೂ ಸುಲಭವಾಗಿ ಬಗ್ಗದು; ಆದರೆ ಒಮ್ಮೆ ಎದ್ದುಹೋದರೆ ಬೋರ್ ಹೊಡೆಸಿ ಸುಮ್ಮನಾಗುವಂತಿಲ್ಲ, ಲೇಪವನ್ನೇ ಮತ್ತೆ ಹಾಕಿಸಬೇಕು, ಇಲ್ಲವೇ ಹೊಸ ಸಿಲಿಂಡರ್ ತರಬೇಕು. ನನ್ನ ಮಟ್ಟಿಗೆ ಹಳ್ಳಿಯಲ್ಲಿ ಇಟ್ಟುಕೊಳ್ಳುವ ಬೈಕಿಗೆ ಹತ್ತಿರದ ಪೇಟೆಯಲ್ಲಿ ರಿಪೇರಿಯಾಗುವ ಗುಣವೇ ದೊಡ್ಡದು.

ಚೈನಿನ ವಿಷಯದಲ್ಲೂ ರಸ್ತೆಯ ರೂಢಿ ಇಲ್ಲಿ ನಡೆಯದು. ಹಿಂದಿನ ಚಕ್ರ ಹಳ್ಳಕ್ಕೆ ಬಿದ್ದು ಸಸ್ಪೆನ್ಷನ್ ಒಳಗೆ ಕೂತಾಗ ಚೈನ್ ತಾನೇ ಬಿಗಿಯುತ್ತದೆ. ನಿಂತ ಬೈಕಿನಲ್ಲಿ ಬಿಗಿಯಾಗಿ ಕಾಣುವಂತೆ ಎಳೆದಿಟ್ಟರೆ ಗೇರ್‌ಬಾಕ್ಸಿನ ಬೇರಿಂಗ್ ನಲುಗುತ್ತದೆ. ಕಂಪನಿಯ ಪುಸ್ತಕ ಹೇಳಿದಷ್ಟು ಸಡಿಲ ಬಿಡಿ. ರೇಸಿಂಗ್ ಡರ್ಟ್ ಬೈಕಿನ ಸರ್ವಿಸ್ ಲೆಕ್ಕ ಕಿಲೋಮೀಟರಿನಲ್ಲಲ್ಲ, ಎಂಜಿನ್ ಓಡಿದ ಗಂಟೆಗಳಲ್ಲಿ.

ಸೆಕೆಂಡ್ ಹ್ಯಾಂಡ್ ಬೈಕ್ ನೋಡಲು ಹೋದರೆ ಕಿಕ್ ಹೊಡೆಯುವ ಮೊದಲು ಫಿಲ್ಟರ್ ಡಬ್ಬಿ ತೆರೆಸಿ. ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ನಳಿಗೆಯ ಒಳಗೆ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಮಣ್ಣು ಹತ್ತಿದರೆ ಆ ಬೈಕು ಬೇಡ.