ಸೂಪರ್ ಮಾರ್ಕೆಟ್‌ನಿಂದ ಕಮಲಾಪುರಕ್ಕೆ: ಎರಡು ದಿನದ ಪ್ರವಾಸ, ಕೆಲವು ತಪ್ಪು ಕಲ್ಪನೆಗಳು

ಹೋದ ಚಳಿಗಾಲದಲ್ಲಿ ಬೆಂಗಳೂರಿನ ನೆಂಟರೊಬ್ಬರು ಫೋನ್ ಮಾಡಿ, “ಕಮಲಾಪುರದಲ್ಲಿ ರೂಮ್ ಬುಕ್ ಮಾಡಿದ್ದೀವಿ, ಮಧ್ಯಾಹ್ನ ನಿಮ್ಮನೆಗೆ ಊಟಕ್ಕೆ ಬರ್ತೀವಿ” ಅಂದರು. ಅವರು ರೂಮ್ ಹಿಡಿದಿದ್ದು ಹಂಪಿ ಪಕ್ಕದ ಕಮಲಾಪುರದಲ್ಲಿ. ನಮ್ಮ ಕಮಲಾಪುರ ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ದೂರದ ತಾಲ್ಲೂಕು ಕೇಂದ್ರ. ಒಂದೇ ಹೆಸರಿನ ಈ ಗೊಂದಲದಲ್ಲಿ ಅವರ ಒಂದಿಡೀ ದಿನ ಬಸ್ಸಿನಲ್ಲೇ ಕಳೆಯಿತು. ಹಾಳು ಕೋಟೆ, ಗುಮ್ಮಟ ನೋಡಬೇಕು, ಈ ಸೀಮೆಯ ಊಟ ಉಣ್ಣಬೇಕು ಅಂತ ಬರುವವರು ಮೊದಲು ಊರು ಯಾವುದೆಂದು ಖಾತ್ರಿ ಮಾಡಿಕೊಳ್ಳಿ.

ತಪ್ಪು ಕಲ್ಪನೆ: ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿ ಸ್ಪೇನಿನ ಕಾರ್ಡೋಬಾ ಮಸೀದಿಯ ನಕಲು, ಕಟ್ಟಿದವನೂ ಅಲ್ಲಿಯವನೇ.

ಕಲಬುರಗಿಯ ಸೂಪರ್ ಮಾರ್ಕೆಟ್ ಅನ್ನುವ ಪೇಟೆಯಿಂದ ಆಟೋ ಹತ್ತಿದರೆ ಕೋಟೆಗೆ ಹೆಚ್ಚು ಹೊತ್ತು ಬೇಡ. ಆ ಸ್ವಲ್ಪ ಹಾದಿಯಲ್ಲೇ ಈ ಕತೆಯನ್ನು ನೀವು ಕೇಳಿರುತ್ತೀರಿ. ಆದರೆ ಮಸೀದಿಯ ಶಾಸನ ಹೇಳುವುದು ಬೇರೆ. ಕಟ್ಟಿಸಿದವನು ರಫಿ, ಅವನ ಮೂಲ ಇರಾನಿನ ಕಜ್ವೀನ್, ವರ್ಷ 1367. ಬಹಮನಿ ರಾಜ್ಯ ಹುಟ್ಟಿ ಆಗ ಇಪ್ಪತ್ತೇ ವರ್ಷವಾಗಿತ್ತು. ಕಾರ್ಡೋಬಾದ ಮಸೀದಿಯಾದರೋ 1236ರಲ್ಲೇ ಚರ್ಚ್ ಆಗಿತ್ತು. ಸಾಲು ಕಮಾನುಗಳ ಹೋಲಿಕೆ ಕಣ್ಣಿಗೆ ಕಾಣುತ್ತದೆ, ಇಲ್ಲವೆನ್ನಲಾರೆ. ಆದರೆ ಕಾರ್ಡೋಬಾಕ್ಕೆ ಕಿತ್ತಳೆ ಮರಗಳಿರುವ ದೊಡ್ಡ ಬಯಲಂಗಳವಿದೆ. ನಮ್ಮದಕ್ಕೆ ಅಂಗಳವೇ ಇಲ್ಲ. ಇಡೀ ಕಟ್ಟಡ ಗುಮ್ಮಟಗಳ ಸೂರಿನಡಿ ಇದೆ. ಪಕ್ಕದ ಅಗಲ ಕಮಾನುಗಳಿಂದ ಬೆಳಕು ತಗ್ಗಾಗಿ ಒಳಗೆ ಹರಿಯುತ್ತದೆ. ಭಾರತದ ಮಸೀದಿಗಳಲ್ಲಿ ಇಂಥ ಕಟ್ಟಡ ಅಪರೂಪ. ಇದನ್ನು ಇನ್ನೊಂದರ ನಕಲು ಅಂದರೆ ಇದರ ಹೊಸತನವನ್ನೇ ನಾವು ಕಳೆದುಕೊಳ್ಳುತ್ತೇವೆ. ಬಿಸಿಲೇರುವ ಮುಂಚೆ ಹೋಗಿ, ಒಂದು ಕಂಬಕ್ಕೆ ಒರಗಿ ಸುಮ್ಮನೆ ಕೂತು ನೋಡಿ. ನನಗೆ ಪ್ರತಿ ಸಲವೂ ಆ ತಂಪು ಹೊಸದು.

ಕೋಟೆ ನೋಡಿದರೆ ಬಹಮನಿಗಳನ್ನು ನೋಡಿ ಮುಗಿಯಿತು ಅನ್ನುವವರಿದ್ದಾರೆ. ಸುಲ್ತಾನರ ಗೋರಿಗಳು ಕೋಟೆಯೊಳಗಿಲ್ಲ. ಬಂದೇನವಾಜ್ ದರ್ಗಾ ಕಡೆಗೆ ಹೋಗುವಾಗ ಸಿಗುವ ಹಫ್ತ್ ಗುಂಬಜ್‌ನಲ್ಲಿ ಸುಲ್ತಾನ ಫಿರೋಜ್ ಷಾನ ಜೋಡಿ ಗುಮ್ಮಟವಿದೆ. ಕಮಲಾಪುರದ ಹಾದಿಯಲ್ಲಿ ಹೊಳಕುಂದಾದ ಗುಮ್ಮಟಗಳಿವೆ. ಅಲ್ಲಿ ಟಿಕೆಟ್ಟಿನ ಸಾಲಿಲ್ಲ, ಗದ್ದಲವಿಲ್ಲ.

ತಪ್ಪು ಕಲ್ಪನೆ: ಕೆಂಪು ಬಾಳೆ ಎಂದರೆ ಬಣ್ಣ ಹಾಕಿದ್ದು, ಇಲ್ಲವೇ ಎಲ್ಲ ಕೆಂಪು ಬಾಳೆಯೂ ಕಮಲಾಪುರದ್ದೇ.

ಎರಡೂ ಸುಳ್ಳು. ಕೆಂಪು ಸಿಪ್ಪೆ ಆ ತಳಿಯ ಹುಟ್ಟುಗುಣ. ಕಾಯಿದ್ದಾಗಲೂ ಅದು ಕೆಂಪೇ. ಹೀಗಾಗಿ ಬಣ್ಣ ನೋಡಿ ಹಣ್ಣಾಗಿದೆ ಅಂದುಕೊಂಡರೆ ಒಗರು ಕಾಯಿ ಮನೆಗೆ ಬರುತ್ತದೆ. ಮೆಲ್ಲಗೆ ಒತ್ತಿ ನೋಡಿ ಕೊಳ್ಳಬೇಕು. ಹಳೇ ಮೈಸೂರು ಕಡೆ ಚಂದ್ರಬಾಳೆ ಅನ್ನುವುದೂ ಕೆಂಪು ಬಾಳೆಯೇ. ತಮಿಳುನಾಡು, ಕೇರಳದಲ್ಲೂ ಬೆಳೆಯುತ್ತಾರೆ. ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆ ಸಿಕ್ಕಿರುವುದು ಬಣ್ಣಕ್ಕಲ್ಲ, ಕಮಲಾಪುರ ಸುತ್ತಿನ ನೆಲದಲ್ಲಿ ಬೆಳೆದ ಹಣ್ಣಿಗೆ. ಬೆಳೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ ಬೇಕು. ಅಷ್ಟು ದಿನ ನೀರು ಕಟ್ಟಿ ಕಾಯುವ ರೈತನನ್ನು ನೆನೆದರೆ ರೇಟು ಕೇಳಿ ಮುಖ ಸಿಂಡರಿಸಲು ಮನಸ್ಸಾಗದು. ತೋಟದ ಹತ್ತಿರವೇ ಕೊಂಡರೆ ಆ ದುಡ್ಡು ನೇರ ಅವನಿಗೇ ಹೋಗುತ್ತದೆ.

ಇನ್ನು ಊಟದ ಮಾತು. ಖಡಕ್ ರೊಟ್ಟಿ ಎಂದರೆ ನಿನ್ನೆಯ ಉಳಿದ ರೊಟ್ಟಿ ಒಣಗಿದ್ದು ಎಂಬ ತಿಳಿವಳಿಕೆ ದಕ್ಷಿಣದಿಂದ ಬಂದವರಲ್ಲಿದೆ. ಹಾಗಲ್ಲ. ಬಹಳ ದಿನ ಕೆಡದಿರಲಿ ಎಂದೇ ತೆಳ್ಳಗೆ ಬಡಿದು, ಬೇಯಿಸಿ, ಒಣಗಿಸಿ ಇಡುವ ರೊಟ್ಟಿ ಅದು. ಜೋಳದಲ್ಲಿ ಗೋಧಿಯ ಹಾಗೆ ಅಂಟು ಇರದು. ಅದಕ್ಕೇ ಕುದಿವ ಎಸರು ಹಾಕಿ ಹಿಟ್ಟು ನಾದುತ್ತಾರೆ. ಹಿಟ್ಟು ಹಳತಾದರೆ ಜಿಗಿ ಹೋಗಿ ರೊಟ್ಟಿ ಒಡೆಯುತ್ತದೆ. ಸೂಪರ್ ಮಾರ್ಕೆಟ್‌ನಲ್ಲಿ ಒಂದು ಕಟ್ಟು ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ಕಟ್ಟಿಸಿಕೊಂಡರೆ ಹೊಳಕುಂದಾದ ನೆರಳಲ್ಲಿ ಕೂತು ಉಣ್ಣಬಹುದು, ಮೊಸರೊಂದು ಜೊತೆಗಿರಲಿ. ಕಲಬುರಗಿ ಊಟ ರೊಟ್ಟಿಗೇ ಮುಗಿಯದು. ಅಕ್ಕಿ, ಮಾಂಸ ಒಟ್ಟಿಗೇ ಬೇಯಿಸಿ ಅರಿಶಿನ ಹಾಕಿದ ತಹರಿಯೂ ಈ ಊರಿನದೇ. ಅದನ್ನು ಬಿರಿಯಾನಿ ಅಂತ ಕರೆಯಬೇಡಿ. ಪದರ ಹಾಕಿ ದಮ್ ಕಟ್ಟುವ ಅಡುಗೆ ಅದಲ್ಲ.

ಸನ್ನತಿಯನ್ನೂ ಇದೇ ಪ್ರವಾಸದಲ್ಲಿ ತುರುಕುವುದು ಇನ್ನೊಂದು ತಪ್ಪು. ಅಶೋಕನ ಶಾಸನದ ಸನ್ನತಿ ಭೀಮಾ ದಂಡೆಯಲ್ಲಿದೆ, ಕಮಲಾಪುರಕ್ಕೆ ತೀರ ಎದುರು ದಿಕ್ಕು. ಅದಕ್ಕೆ ಬೇರೆ ದಿನವೇ ಇಡಿ.

ಕಲಬುರಗಿ ವರ್ಷವಿಡೀ ಸುಡುತ್ತದೆ ಅನ್ನುವವರು ಏಪ್ರಿಲ್‌ನಲ್ಲಿ ಬಂದವರು. ಚಳಿಗಾಲದಲ್ಲಿ ಬಂದು ನೋಡಿ. ಡಿಸೆಂಬರ್, ಜನವರಿಯ ನಡುವೆ ಎಳ್ಳ ಅಮಾವಾಸ್ಯೆ ಬರುತ್ತದೆ. ಅವತ್ತು ಹೊಲಕ್ಕೆ ಹೋಗಿ ಚರಗ, ಅಂದರೆ ಭೂತಾಯಿಗೆ ಎಡೆ, ಚೆಲ್ಲಿ, ಕಾಳು-ಸೊಪ್ಪಿನ ಭಜ್ಜಿ, ಸಜ್ಜೆ ರೊಟ್ಟಿ, ಕಡುಬು ಉಣ್ಣುತ್ತಾರೆ. ಆ ಭಜ್ಜಿಯ ರುಚಿ ಹೊಟೇಲಿನಲ್ಲಿ ಸಿಗದು. ಪರಿಚಯದವರೊಬ್ಬರ ಹೊಲದ ಬದುವಿನ ಮೇಲೆ ನಿಮಗೂ ಒಂದು ಎಲೆ ಹಾಕುತ್ತಾರೆ, ಮೊದಲೇ ಒಂದು ಮಾತು ಹೇಳಿಡಿ.