ಏಳು ದಿನದ ಕ್ಯಾಂಪು. ಎಂಟನೇ ದಿನಕ್ಕೆ ಯಾರು ದಿಕ್ಕು?

ಕಾಲೇಜು ಹುಡುಗರ ಕ್ಯಾಂಪು ಬಂತೆಂದರೆ ಹಳ್ಳಿಗೊಂದು ಜಾತ್ರೆ ಕಳೆ. ಶಾಲೆಯ ಜಗಲಿಯ ಮೇಲೆ ಬ್ಯಾನರು, ಬೆಳಿಗ್ಗೆ ಚರಂಡಿಯಲ್ಲಿ ಶ್ರಮದಾನ, ಮಧ್ಯಾಹ್ನ ಉಚಿತ ಆರೋಗ್ಯ ತಪಾಸಣೆ, ರಾತ್ರಿ ನಾಟಕ. ಏಳನೇ ದಿನ ಸಮಾರೋಪ, ಹಾರ ತುರಾಯಿ, ಗ್ರೂಪ್ ಫೋಟೋ. ಎಂಟನೇ ದಿನ ಬಸ್ಸು ಧೂಳೆಬ್ಬಿಸಿಕೊಂಡು ಹೊರಟಿತೆಂದರೆ ಊರು ಮತ್ತೆ ಅದೇ ಊರು. ಬಿಪಿ ಜಾಸ್ತಿಯಿದೆ ಎಂದು ಚೀಟಿ ಬರೆಸಿಕೊಂಡ ಅಜ್ಜಿ ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ಕೂತಿರುತ್ತಾಳೆ. "ಮಾತ್ರೆ ಮುಗ್ದೋದ್ರೆ ಏನ್ ಮಾಡ್ಲಿ ಮಗಾ?" ಎಂದು ಕೇಳೋಣವೆಂದರೆ ಮಗ ಅಷ್ಟೊತ್ತಿಗೆ ಹಾಸ್ಟೆಲು ಸೇರಿರುತ್ತಾನೆ.

ಹಾಗಂತ ಹುಡುಗರನ್ನು ಬಯ್ದು ಫಲವಿಲ್ಲ. ರಾಷ್ಟ್ರೀಯ ಸೇವಾ ಯೋಜನೆ ಹುಟ್ಟಿದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧಿ ಶತಮಾನೋತ್ಸವದ ವರ್ಷ. ಕೇಂದ್ರ ಶಿಕ್ಷಣ ಮಂತ್ರಿ ಡಾ. ವಿ.ಕೆ.ಆರ್.ವಿ. ರಾವ್ 37 ವಿಶ್ವವಿದ್ಯಾನಿಲಯಗಳಲ್ಲಿ ಇದಕ್ಕೆ ಚಾಲನೆ ಕೊಟ್ಟರು. 'ನನಗಲ್ಲ, ನಿನಗೆ' ಎಂಬುದು ಅದರ ಧ್ಯೇಯವಾಕ್ಯ. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಜೊತೆಗೆ ಏಳು ದಿನದ ವಿಶೇಷ ಶಿಬಿರ. ಆಶಯದಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ಎಂಟನೇ ದಿನದಲ್ಲಿ.

ಹಗಲು ಹೋದರೆ ಖಾಲಿ ಹಾಡಿ

ಹೆಗ್ಗಡದೇವನಕೋಟೆ, ಸರಗೂರು ಸೀಮೆಯನ್ನೇ ನೋಡಿ. ಮೈಸೂರಿನಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಆದರೆ ಬಾಳುವೆಯಲ್ಲಿ ಬಲು ದೂರ. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. 1974ರಲ್ಲಿ ಕಬಿನಿ ಅಣೆಕಟ್ಟೆ ಮುಗಿಯಿತು. ಕಾಡು ಕಾಯುವ ಕೆಲಸಕ್ಕೂ ನೀರು ನಿಲ್ಲಿಸುವ ಕೆಲಸಕ್ಕೂ ಜಾಗ ಬಿಟ್ಟುಕೊಟ್ಟು ಎದ್ದು ಬಂದವರಲ್ಲಿ ಜೇನುಕುರುಬರು, ಕಾಡುಕುರುಬರು ಇದ್ದರು. ಜೇನು, ಗೆಡ್ಡೆ-ಗೆಣಸು ನಂಬಿದ್ದವರು ಕೂಲಿ ನಂಬಬೇಕಾಯಿತು. ಕೊಡಗಿನ ಕಾಫಿ ತೋಟ, ಕೇರಳದ ಶುಂಠಿ ಹೊಲ, ಎಲ್ಲಿ ಕರೆದರೆ ಅಲ್ಲಿಗೆ.

ಈಗ ಕ್ಯಾಂಪಿನ ವೇಳಾಪಟ್ಟಿ ನೋಡಿ: ತಪಾಸಣೆ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕು! ಆ ಹೊತ್ತಿನಲ್ಲಿ ಹಾಡಿಯಲ್ಲಿ ಸಿಗುವವರು ಮುದುಕರು, ಮಕ್ಕಳು, ನಾಯಿಗಳು. ದುಡಿಯುವ ಗಂಡಸು ಹೆಂಗಸರು ಬರಬೇಕಾದರೆ ಒಂದು ದಿನದ ಕೂಲಿ ಬಿಡಬೇಕು. ಕೂಲಿ ಬಿಟ್ಟರೆ ಒಲೆ ಉರಿಯುವುದಿಲ್ಲ. 'ಜನರಿಗೆ ಆರೋಗ್ಯದ ಅರಿವಿಲ್ಲ' ಎಂದು ವರದಿ ಬರೆಯುವುದು ಸುಲಭ. ಅರಿವಿದೆ ಸ್ವಾಮಿ, ಪುರುಸೊತ್ತಿಲ್ಲ. ಎರಡು ರಾತ್ರಿ ಹಾಡಿಯಲ್ಲೇ ಮಲಗಿದ ವಿದ್ಯಾರ್ಥಿಗೆ ಇದು ತಾನಾಗಿ ಗೊತ್ತಾಗುತ್ತದೆ. ಕತ್ತಲಾದ ಮೇಲೆ ಆನೆ ಓಡಾಡುವ ದಾರಿಯಲ್ಲಿ ಹೆರಿಗೆ ನೋವು ಬಂದವಳನ್ನು ಸಾಗಿಸುವುದೆಂದರೆ ಏನೆಂದೂ ಗೊತ್ತಾಗುತ್ತದೆ. 2008ರಿಂದ 108 ಆಂಬುಲೆನ್ಸ್ ಬಂದಿದೆ, ನಿಜ. ಕರೆ ಮಾಡಲು ಸಿಗ್ನಲ್ಲು, ಬರಲು ರಸ್ತೆ, ಎರಡೂ ಇದ್ದರೆ ತಾನೇ ಅದು ಬರುವುದು.

ಮಾತ್ರೆ ಕೊಟ್ಟರೆ ಮುಗಿಯಿತೇ?

ಮುಖ ಬಿಳಿಚಿದೆ ಎಂದು ಕಬ್ಬಿಣಾಂಶದ ಮಾತ್ರೆ ಕೊಟ್ಟು ಕಳಿಸುವುದು ಕ್ಯಾಂಪಿನ ವಾಡಿಕೆ. ಆ ಬಿಳಿಚಿಕೊಳ್ಳುವಿಕೆಗೆ ಅರೆಹೊಟ್ಟೆ ಕಾರಣವೋ, ಕೊಕ್ಕೆಹುಳು ಕಾರಣವೋ, ಹುಟ್ಟಿನಿಂದ ಬಂದ ಕುಡುಗೋಲು ಕಣ ರಕ್ತಹೀನತೆ ಕಾರಣವೋ? ರಕ್ತ ಪರೀಕ್ಷೆ ಮಾಡದೆ ಹೇಳಲಾಗದು. ಭಾರತದಲ್ಲಿ ಈ ಕಾಯಿಲೆಯನ್ನು 1952ರಲ್ಲಿ ಗುರುತಿಸಿದ್ದು ದೂರದಲ್ಲೇನಲ್ಲ, ಪಕ್ಕದ ನೀಲಗಿರಿಯ ಗಿರಿಜನರಲ್ಲಿ. ಇದಕ್ಕಾಗಿ ರಾಷ್ಟ್ರೀಯ ಅಭಿಯಾನ ಶುರುವಾದದ್ದು ಮಾತ್ರ 2023ರಲ್ಲಿ!

ಕ್ಷಯದ ಮಾತೂ ಅಷ್ಟೆ. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಆಗಬೇಕು. ರೋಗ ಇದೆಯೆಂದಾದರೆ ಸಾಮಾನ್ಯವಾಗಿ ಆರು ತಿಂಗಳ ಔಷಧಿ. ನಡುವೆ ಬಿಟ್ಟರೆ ರೋಗ ಬಲಿಯುತ್ತದೆ, ಮದ್ದು ನಾಟದೆ ಹೋಗಬಹುದು. ಏಳು ದಿನದ ಕ್ಯಾಂಪು ಆರು ತಿಂಗಳ ಮಾತ್ರೆ ನುಂಗಿಸುವುದು ಹೇಗೆ?

ಹೋದವರು ಉಳಿದರು

ಉತ್ತರವನ್ನು ಮೈಸೂರಿನ ಹುಡುಗರೇ ಕೊಟ್ಟಿದ್ದಾರೆ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಗೆಳೆಯರನ್ನು ಕಟ್ಟಿಕೊಂಡು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಆರಂಭಿಸಿದರು. ಓದು ಮುಗಿದ ಮೇಲೆ ಪಟ್ಟಣದಲ್ಲಿ ಬೋರ್ಡು ತೂಗುಹಾಕಲಿಲ್ಲ. ದಶಕ ಮುಗಿಯುವ ಮೊದಲೇ ಕೋಟೆ ಕಾಡಂಚಿನ ಬ್ರಹ್ಮಗಿರಿ ಹಾಡಿ ಸೇರಿ ಚಿಕಿತ್ಸೆ ಶುರುಮಾಡಿದರು. ಆಮೇಲೆ ಕೆಂಚನಹಳ್ಳಿಯಲ್ಲಿ, ಸರಗೂರಿನಲ್ಲಿ ಆಸ್ಪತ್ರೆ ಎದ್ದವು. ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳ ಶಾಲೆ ಬಂತು. ಔಷಧಿಯೊಂದರಿಂದಲೇ ಆರೋಗ್ಯ ಬರುವುದಿಲ್ಲ, ಅಕ್ಷರವೂ ಬೇಕು ಎಂಬುದು ಅಲ್ಲೇ ಇದ್ದವರಿಗೆ ಹೊಳೆದ ಮಾತು. ಬಂದು ಹೋಗುವವರಿಗೆ ಹೊಳೆಯುವಂಥದ್ದಲ್ಲ.

ಎಲ್ಲ ವಿದ್ಯಾರ್ಥಿಗಳೂ ಹಾಡಿಯಲ್ಲೇ ಬೇರೂರಲಿ ಎಂದು ಯಾರೂ ಹೇಳುವುದಿಲ್ಲ. ಮತ್ತೆ ಬಂದರೆ ಸಾಕು. ರಾಷ್ಟ್ರೀಯ ವೈದ್ಯಕೀಯ ಆಯೋಗ ಈಚೆಗೆ ಎಂಬಿಬಿಎಸ್ ಪಠ್ಯಕ್ಕೇ 'ಕುಟುಂಬ ದತ್ತು' ಸೇರಿಸಿದೆ. ವಿದ್ಯಾರ್ಥಿ ಮೊದಲ ವರ್ಷದಲ್ಲೇ ಹಳ್ಳಿಯ ಕೆಲವು ಮನೆಗಳನ್ನು ವಹಿಸಿಕೊಂಡು ಅದೇ ಮನೆಗಳಿಗೆ ಮತ್ತೆ ಮತ್ತೆ ಹೋಗಬೇಕು. ನಿಜವಾಗಿ ನಡೆದರೆ ಒಳ್ಳೆಯದೇ. ರಿಜಿಸ್ಟರಿನಲ್ಲಿ ಸಹಿ ಬಿದ್ದು, ಮನೆ ಬಾಗಿಲಲ್ಲಿ ಕಾಲು ಬೀಳದಿದ್ದರೆ ಅದೂ ಮತ್ತೊಂದು ಗ್ರೂಪ್ ಫೋಟೋ.

ಆಗಬೇಕಾದ್ದು ದೊಡ್ಡ ಕೆಲಸವೇನಲ್ಲ. ತಪಾಸಣೆ ಸಂಜೆಗೆ ಇಡಲಿ. ವರ್ಷಕ್ಕೊಂದು ಹೊಸ ಊರು ಹುಡುಕುವುದು ಬಿಟ್ಟು ಒಂದೇ ಊರಿಗೆ ನಾಲ್ಕು ವರ್ಷ ಹೋಗಲಿ. ಹೊರಡುವ ಮುನ್ನ ಕಾಯಿಲೆಯವರ ಪಟ್ಟಿ ಆಶಾ ಕಾರ್ಯಕರ್ತೆಯ ಕೈ ಸೇರಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಆ ಪಟ್ಟಿಗೆ ಜವಾಬ್ದಾರರಾಗಲಿ. ತಿಂಗಳು ಬಿಟ್ಟು ಇಬ್ಬರು ಹುಡುಗರು ಬಸ್ಸು ಹತ್ತಿ ಬಂದು, "ಅಜ್ಜಿ, ಮಾತ್ರೆ ತಗೊಂಡ್ಯಾ?" ಎಂದು ಕೇಳಲಿ.

ಬಸ್ ಚಾರ್ಜಿಗೆ ಕಾಲೇಜಿನಲ್ಲಿ ದುಡ್ಡಿಲ್ಲವೇ? ಸಮಾರೋಪದ ಹಾರ ತುರಾಯಿ ಕೈಬಿಟ್ಟರೆ ಆಯಿತು.