ಮುಖಕಾಂತಿಗಾಗಿ ಸೂಜಿ ಮತ್ತು ಲೇಸರ್: ಹೋಗುವ ಮುನ್ನ ತಿಳಿಯಬೇಕಾದ ವಿಷಯಗಳು

ಎರಡು ವರ್ಷಗಳ ಹಿಂದಿನ ಮಾತು. ವೈಶಾಖದ ಲಗ್ನಗಳ ಕಾಲ. ಮುಂಬಯಿಯ ಉಪನಗರವೊಂದರಲ್ಲಿ ನೆಲೆಸಿರುವ ಕನ್ನಡ ಕುಟುಂಬದ ತಾಯಿ ಮತ್ತು ಮಗಳು ನನ್ನ ಚಿಕಿತ್ಸಾಲಯಕ್ಕೆ ಬಂದರು. ಮಗಳ ಮದುವೆಗೆ ಮೂರು ವಾರಗಳಷ್ಟೇ ಉಳಿದಿದ್ದವು. ಗದ್ದದ ಮೇಲೂ ದವಡೆಯ ಅಂಚಿನಲ್ಲಿಯೂ ಬೆಳೆಯುತ್ತಿದ್ದ ಕೂದಲನ್ನು ನಿವಾರಿಸಿಕೊಳ್ಳಲೆಂದು ಆಕೆ ಸೌಂದರ್ಯ ಕೇಂದ್ರವೊಂದರಲ್ಲಿ ಲೇಸರ್ ಚಿಕಿತ್ಸೆ ಪಡೆದಿದ್ದಳು. ಎಂಟು ದಿನಗಳ ತರುವಾಯ ಅಲ್ಲಿ ಕಂದು ಬಣ್ಣದ ಚೌಕಾಕಾರದ ಕಲೆಗಳು ಸಾಲಾಗಿ ಜೋಡಿಸಿಟ್ಟಂತೆ ಕಾಣಿಸಿಕೊಂಡಿದ್ದವು.

“ಮದುವೆಯ ಹೊತ್ತಿಗೆ ಇವು ಹೋಗುತ್ತವೆಯೇ, ಡಾಕ್ಟರೇ?” ಎಂದು ತಾಯಿ ಕೇಳಿದರು. ಇವು ಮಾಯಲು ವಾರಗಳಲ್ಲ, ತಿಂಗಳುಗಳೇ ಬೇಕೆಂದು ಹೇಳುವುದು ನನಗೆ ಸುಲಭವಾಗಿರಲಿಲ್ಲ.

ವಿಚಾರಿಸಿದಾಗ ತಿಳಿದುಬಂದ ಸಂಗತಿಗಳು ಹೀಗಿದ್ದವು. ಯಂತ್ರ ನಡೆಸಿದವರು ವೈದ್ಯರಾಗಿರಲಿಲ್ಲ. ಹುಡುಗಿ ಊರಿನ ಜಾತ್ರೆಗೆ ಹೋಗಿ, ಬಿಸಿಲಿನಲ್ಲಿ ತಿರುಗಾಡಿ ಮೈ ಕಪ್ಪಾಗಿಸಿಕೊಂಡು ಬಂದು ಹತ್ತು ದಿನವಷ್ಟೇ ಆಗಿತ್ತು. ಅದನ್ನು ಯಾರೂ ಕೇಳಿರಲಿಲ್ಲ. ಮೊದಲು ಒಂದು ಚಿಕ್ಕ ಜಾಗದಲ್ಲಿ ಪರೀಕ್ಷಿಸಿ ನೋಡಿರಲಿಲ್ಲ. ಅವಳ ಮುಟ್ಟು ಕ್ರಮವಾಗಿದೆಯೇ ಎಂಬ ಪ್ರಶ್ನೆಯನ್ನಂತೂ ಯಾರೂ ಎತ್ತಿರಲಿಲ್ಲ. ಈ ಕೊನೆಯ ಪ್ರಶ್ನೆಗೂ ಗದ್ದದ ಕೂದಲಿಗೂ ಏನು ಸಂಬಂಧವೆಂದು ಓದುಗರಿಗೆ ಅಚ್ಚರಿಯಾಗಬಹುದು. ಅದಕ್ಕೆ ಮುಂದೆ ಬರೋಣ.

ಮಹಾನಗರಗಳಲ್ಲಿ ಇಂದು ಬೀದಿಗೊಂದರಂತೆ ಇಂತಹ ಕೇಂದ್ರಗಳು ತಲೆಯೆತ್ತಿವೆ. ಶಸ್ತ್ರಕ್ರಿಯೆ ಬೇಡ, ಆಸ್ಪತ್ರೆಯಲ್ಲಿ ಮಲಗುವುದು ಬೇಡ, ಊಟದ ಬಿಡುವಿನಲ್ಲಿ ಹೋಗಿ ಬರಬಹುದು ಎಂಬ ಪ್ರಚಾರ ಜನರನ್ನು ಸೆಳೆಯುತ್ತದೆ. ಈ ಚಿಕಿತ್ಸೆಗಳನ್ನು ನಿಂದಿಸುವುದು ನನ್ನ ಉದ್ದೇಶವಲ್ಲ. ಯೋಗ್ಯರ ಕೈಯಲ್ಲಿ ಅವು ಉಪಯುಕ್ತವಾದವುಗಳೇ. ಆದರೆ ಶಸ್ತ್ರವಿಲ್ಲದ ಮಾತ್ರಕ್ಕೆ ಅವು ಚಿಕಿತ್ಸೆಗಳಾಗದೆ ಹೋಗುವುದಿಲ್ಲ. ಅವುಗಳ ಕಾರ್ಯವಿಧಾನವನ್ನು ಅರಿತವರಿಗೆ ಅಪಾಯ ಎಲ್ಲಿದೆಯೆಂಬುದೂ ತಾನಾಗಿಯೇ ತಿಳಿಯುತ್ತದೆ.

ಸೂಜಿಮದ್ದುಗಳಲ್ಲಿ ಎರಡು ಬಗೆ

ಮುಖಕ್ಕೆ ಚುಚ್ಚುವ ಔಷಧವೆಲ್ಲವನ್ನೂ ಜನರು ‘ಬೊಟಾಕ್ಸ್’ ಎಂದೇ ಕರೆಯುತ್ತಾರೆ. ವಾಸ್ತವವಾಗಿ ಅಲ್ಲಿ ಪರಸ್ಪರ ಸಂಬಂಧವಿಲ್ಲದ ಎರಡು ವಸ್ತುಗಳಿವೆ.

ಮೊದಲನೆಯದು ಬೊಟುಲಿನಮ್ ಟಾಕ್ಸಿನ್. ಹೆಸರೇ ಹೇಳುವಂತೆ ಇದೊಂದು ವಿಷ. 1820ರ ದಶಕದಲ್ಲಿ ಜರ್ಮನಿಯ ವೈದ್ಯ ಯುಸ್ಟಿನುಸ್ ಕೆರ್ನರ್, ಕೆಟ್ಟ ಸಾಸೇಜ್ ತಿಂದು ಸ್ನಾಯುಗಳ ಶಕ್ತಿಯನ್ನೇ ಕಳೆದುಕೊಂಡವರ ರೋಗಲಕ್ಷಣಗಳನ್ನು ವಿವರವಾಗಿ ದಾಖಲಿಸಿದನು. ಆ ವಿಷವನ್ನು ಉತ್ಪಾದಿಸುವ ಸೂಕ್ಷ್ಮಜೀವಿ ಶತಮಾನದ ಕೊನೆಯಲ್ಲಿ ಪತ್ತೆಯಾಯಿತು. ಅಮೆರಿಕದ ನೇತ್ರತಜ್ಞ ಆಲನ್ ಸ್ಕಾಟ್ ಇದೇ ವಿಷದ ಅತ್ಯಲ್ಪ ಪ್ರಮಾಣವನ್ನು ಮೆಳ್ಳೆಗಣ್ಣಿನ ಚಿಕಿತ್ಸೆಗೆ ಬಳಸಿದರು. 1989ರಲ್ಲಿ ಆ ದೇಶದ ಔಷಧ ಇಲಾಖೆ ಅದಕ್ಕೆ ಅನುಮತಿಯಿತ್ತಿತು. ಹುಬ್ಬುಗಳ ನಡುವಣ ಗೆರೆಗಳಿಗಾಗಿ ಅನುಮತಿ ದೊರೆತುದು 2002ರಲ್ಲಿ.

ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಂದಾಗ ಮಾತ್ರ ಸ್ನಾಯು ಸಂಕುಚಿಸುತ್ತದೆ. ಈ ಔಷಧವು ಅದನ್ನು ತಡೆಹಿಡಿಯುವುದರಿಂದ ಸ್ನಾಯು ಸಡಿಲಗೊಂಡು, ಹುಬ್ಬು ಗಂಟಿಕ್ಕಿದಾಗ ಮೂಡುವ ಗೆರೆ ಮಾಸುತ್ತದೆ. ಪರಿಣಾಮ ಮೂರು ನಾಲ್ಕು ದಿನಗಳಲ್ಲಿ ತೋರಲಾರಂಭಿಸಿ, ಸುಮಾರು ಎರಡು ವಾರಗಳಲ್ಲಿ ಪೂರ್ಣಗೊಂಡು, ಮೂರು ನಾಲ್ಕು ತಿಂಗಳು ಉಳಿಯುತ್ತದೆ. ಔಷಧವು ಪಕ್ಕದ ಸ್ನಾಯುವಿಗೆ ಹರಡಿದರೆ ಕಣ್ಣಿನ ರೆಪ್ಪೆ ಜೋತುಬೀಳಬಹುದು; ಅದು ಸರಿಹೋಗಲು ವಾರಗಳು ಹಿಡಿಯುತ್ತವೆ. ಗರ್ಭಿಣಿಯರಿಗೂ, ಮೊಲೆಯುಣಿಸುವ ತಾಯಂದಿರಿಗೂ, ಮಯಸ್ತೇನಿಯಾದಂತಹ ಸ್ನಾಯುದೌರ್ಬಲ್ಯವಿರುವವರಿಗೂ ಇದು ಸಲ್ಲದು.

ಎರಡನೆಯದು ‘ಫಿಲ್ಲರ್’, ಎಂದರೆ ತುಂಬುವ ವಸ್ತು. ವಯಸ್ಸಾದಂತೆ ಕುಸಿದ ಕೆನ್ನೆಯನ್ನೋ ತೆಳುವಾದ ತುಟಿಯನ್ನೋ ತುಂಬಲು ಇದನ್ನು ಬಳಸುತ್ತಾರೆ. ಇವುಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವುದು ಹಯಲುರಾನಿಕ್ ಆಮ್ಲ. ನಮ್ಮ ಚರ್ಮದಲ್ಲಿಯೂ ಕೀಲುಗಳಲ್ಲಿಯೂ ಸಹಜವಾಗಿಯೇ ಇರುವ, ನೀರನ್ನು ಹಿಡಿದಿಟ್ಟುಕೊಳ್ಳುವ ವಸ್ತುವಿದು. ಚುಚ್ಚಿದ ಜಾಗ ಮತ್ತು ಔಷಧದ ಬಗೆಗನುಗುಣವಾಗಿ ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ ಉಳಿಯುತ್ತದೆ.

ಇದರ ನಿಜವಾದ ಅಪಾಯ ಬೇರೆ ಕಡೆಯಿದೆ. ಮುಖದ ರಕ್ತನಾಳಗಳು ಕಣ್ಣಿನ ರಕ್ತನಾಳಗಳೊಡನೆ ಕೂಡಿಕೊಂಡಿವೆ. ಸೂಜಿಯ ಮೊನೆ ತಪ್ಪಿ ರಕ್ತನಾಳವನ್ನು ಹೊಕ್ಕರೆ ಔಷಧವು ಅದನ್ನು ಮುಚ್ಚಿಬಿಡಬಹುದು. ಆಗ ಆ ಭಾಗದ ಚರ್ಮ ಸಾಯುತ್ತದೆ, ಬಹು ವಿರಳವಾಗಿಯಾದರೂ ದೃಷ್ಟಿಯೇ ಹೋಗುವುದುಂಟು. ಮೂಗು ಮತ್ತು ಹುಬ್ಬುಗಳ ನಡುವಣ ಭಾಗ ಈ ದೃಷ್ಟಿಯಿಂದ ಹೆಚ್ಚು ಅಪಾಯಕರ. ಚುಚ್ಚಿದೊಡನೆ ತೀವ್ರವಾದ ನೋವು, ಚರ್ಮ ಬಿಳಿಚಿಕೊಳ್ಳುವುದು, ಬಲೆಯಂತೆ ನೀಲಿ ಕಲೆಗಳು ಮೂಡುವುದು, ಕಣ್ಣು ಮಂಜಾಗುವುದು — ಇವುಗಳಲ್ಲಿ ಯಾವುದು ಕಂಡರೂ “ನಾಳೆ ನೋಡೋಣ” ಎನ್ನುವಂತಿಲ್ಲ, ತತ್‌ಕ್ಷಣ ಚಿಕಿತ್ಸೆಯಾಗಬೇಕು. ಹಯಲುರಾನಿಕ್ ಆಮ್ಲವನ್ನು ಕರಗಿಸುವ ಹಯಲುರಾನಿಡೇಸ್ ಎಂಬ ಔಷಧವಿದೆ. ಅದನ್ನು ಸಿದ್ಧವಾಗಿಟ್ಟುಕೊಳ್ಳದ ಸ್ಥಳದಲ್ಲಿ ಫಿಲ್ಲರ್ ಚುಚ್ಚಿಸಿಕೊಳ್ಳಬಾರದು.

ಕಪ್ಪನ್ನು ಅರಸುವ ಬೆಳಕು

1960ರಲ್ಲಿ ಥಿಯೊಡೋರ್ ಮೈಮನ್ ಅಮೆರಿಕದಲ್ಲಿ ಮೊದಲ ಲೇಸರನ್ನು ನಿರ್ಮಿಸಿದರು. ಚರ್ಮದ ಚಿಕಿತ್ಸೆಯಲ್ಲಿ ಅದರ ಬಳಕೆಗೆ ಭದ್ರವಾದ ಅಡಿಪಾಯ ದೊರೆತುದು 1983ರಲ್ಲಿ, ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ವೈದ್ಯರು ಪ್ರಕಟಿಸಿದ ಸಿದ್ಧಾಂತದಿಂದ. ಸರಿಯಾದ ತರಂಗಾಂತರದ ಬೆಳಕನ್ನು ಸರಿಯಾದ ಅಲ್ಪಾವಧಿಗೆ ಹಾಯಿಸಿದರೆ, ಚರ್ಮದಲ್ಲಿ ಬೇಕಾದ ವಸ್ತುವೊಂದನ್ನೇ ಕಾಯಿಸಿ ನಾಶಪಡಿಸಿ, ಸುತ್ತಲಿನ ಭಾಗವನ್ನು ಉಳಿಸಬಹುದೆಂಬುದೇ ಅದರ ಸಾರ.

ಕೂದಲಿನ ವಿಷಯದಲ್ಲಿ ಬೆಳಕು ಅರಸುವುದು ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯವನ್ನು. ಆದುದರಿಂದಲೇ ನರೆಗೂದಲಿನ ಮೇಲೆ ಈ ಲೇಸರ್ ನಡೆಯದು. ಆದರೆ ಮೆಲನಿನ್ ಕೂದಲಿನ ಬೇರಿನಲ್ಲಿರುವಂತೆ ಚರ್ಮದಲ್ಲಿಯೂ ಇದೆ. ಬಿಳಿಯ ಚರ್ಮದ ಮೇಲಿನ ಕಪ್ಪು ಕೂದಲನ್ನು ಗುರುತಿಸುವುದು ಲೇಸರಿಗೆ ಸುಲಭ. ನಮ್ಮಂತಹವರ ಗೋಧಿಬಣ್ಣದ ಅಥವಾ ಶ್ಯಾಮಲವರ್ಣದ ಚರ್ಮದಲ್ಲಿ ಅದಕ್ಕೆ ಎರಡೂ ಕಪ್ಪೇ. ಹೆಚ್ಚು ಶಕ್ತಿಯನ್ನು ಹಾಯಿಸಿದರೆ ಚರ್ಮವೇ ಸುಡುತ್ತದೆ. ಸುಡದಿದ್ದರೂ, ಕೆರಳಿದ ಚರ್ಮ ಮತ್ತಷ್ಟು ವರ್ಣದ್ರವ್ಯವನ್ನು ಉತ್ಪಾದಿಸಿ ಕಲೆಯನ್ನು ಉಳಿಸುತ್ತದೆ. ಬಿಸಿಲಿನಲ್ಲಿ ಆಗತಾನೇ ಕಪ್ಪಾದ ಚರ್ಮದಲ್ಲಿ ಈ ಭಯ ಇಮ್ಮಡಿಯಾಗುತ್ತದೆ. ಆ ಹುಡುಗಿಯ ದವಡೆಯ ಮೇಲಿನ ಚೌಕಗಳಿಗೆ ಕಾರಣ ಇದೇ.

ಬಿಸಿಲಿಗೆ ಚರ್ಮ ತೋರುವ ಪ್ರತಿಕ್ರಿಯೆಯನ್ನು ಅನುಸರಿಸಿ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ 1975ರಲ್ಲಿ ಆರಂಭಿಸಿದ ವರ್ಗೀಕರಣವು ಈಗ ಆರು ವರ್ಗಗಳನ್ನೊಳಗೊಂಡಿದೆ. ನಮ್ಮಲ್ಲಿ ಹೆಚ್ಚಿನವರು ನಾಲ್ಕನೆಯ ಅಥವಾ ಐದನೆಯ ವರ್ಗಕ್ಕೆ ಸೇರುತ್ತಾರೆ. ಇಂತಹ ಚರ್ಮಕ್ಕೆ 1064 ನ್ಯಾನೊಮೀಟರ್ ತರಂಗಾಂತರದ ಎನ್‌ಡಿ-ಯಾಗ್ ಲೇಸರಿನಂತಹ, ಆಳಕ್ಕಿಳಿಯುವ ಹಾಗೂ ಮೇಲ್ಪದರದ ಮೆಲನಿನ್ನಿಗೆ ಕಡಿಮೆ ಅಂಟುವ ಕಿರಣಗಳು ಹೆಚ್ಚು ಸುರಕ್ಷಿತ. ಚರ್ಮವನ್ನು ತಂಪಾಗಿಡುವ ವ್ಯವಸ್ಥೆಯೂ ಜೊತೆಗಿರಬೇಕು. ಕಣ್ಣಿಗೆ ರಕ್ಷಾಕವಚ ಕಡ್ಡಾಯ.

ಬೆಳೆಯುವ ಹಂತದಲ್ಲಿರುವ ಕೂದಲು ಮಾತ್ರ ನಾಶವಾಗುವುದರಿಂದ ಒಂದೇ ಸಲಕ್ಕೆ ಕೆಲಸ ಮುಗಿಯದು. ನಾಲ್ಕರಿಂದ ಆರು ವಾರಗಳ ಅಂತರದಲ್ಲಿ ಆರೆಂಟು ಸಲ ಹೋಗಬೇಕಾಗುತ್ತದೆ. ಫಲವೂ ಕೂದಲಿನ ಬಹುಕಾಲದ ಇಳಿಕೆಯೇ ಹೊರತು ಸಂಪೂರ್ಣ ನಿರ್ಮೂಲನವಲ್ಲ.

ಇನ್ನು ಮುಟ್ಟಿನ ಪ್ರಶ್ನೆ. ಸ್ತ್ರೀಯರ ಗದ್ದ ಮತ್ತು ಮೇಲ್ದುಟಿಯಲ್ಲಿ ಒರಟಾದ ಕೂದಲು ಬೆಳೆಯುವುದಕ್ಕೆ ಅನೇಕ ವೇಳೆ ಹಾರ್ಮೋನುಗಳ ಏರುಪೇರು ಕಾರಣ, ಪಿ.ಸಿ.ಓ.ಎಸ್. ಎಂಬ ಅಂಡಾಶಯದ ತೊಂದರೆ ಅವುಗಳಲ್ಲಿ ಮುಖ್ಯವಾದುದು. ಅದನ್ನು ಗುರುತಿಸದೆ ಲೇಸರ್ ಹಾಯಿಸಿದರೆ ಕೂದಲು ಮರಳಿ ಬೆಳೆಯುತ್ತದೆ. ಕೆಲವರಲ್ಲಿ ಮೊದಲಿಗಿಂತ ಹೆಚ್ಚುವುದೂ ಉಂಟು. ಮಿಗಿಲಾಗಿ, ಮುಂದೆ ಮಧುಮೇಹಕ್ಕೂ ಗರ್ಭಧಾರಣೆಯ ತೊಡಕಿಗೂ ದಾರಿಯಾಗಬಲ್ಲ ರೋಗವೊಂದು ಗಮನಕ್ಕೆ ಬಾರದೆ ಉಳಿದುಬಿಡುತ್ತದೆ.

ಬಂಗು ಮತ್ತು ಬಿಳುಪಿನ ಆಸೆ

ಕೆನ್ನೆಯ ಮೇಲೆ ಬಂಗು ಬಂದವರು ಲೇಸರಿನಿಂದ ಅದನ್ನು ಒರೆಸಿ ತೆಗೆಯಬಹುದೆಂದು ನಂಬಿ ಬರುತ್ತಾರೆ. ಬಂಗಿಗೆ ಲೇಸರ್ ಮೊದಲ ಮದ್ದಲ್ಲ. ಅದರ ಶಾಖದಿಂದ ಬಂಗು ಉಲ್ಬಣಿಸುವುದೂ ಉಂಟು. ಬಿಸಿಲಿನಿಂದ ರಕ್ಷಣೆ, ದಿನವೂ ಸನ್‌ಸ್ಕ್ರೀನ್ ಲೇಪನ, ವೈದ್ಯರು ಕೊಟ್ಟ ಮುಲಾಮು, ಇವೆಲ್ಲಕ್ಕೂ ಮಿಗಿಲಾಗಿ ತಾಳ್ಮೆ, ಇವೇ ಮೊದಲ ಚಿಕಿತ್ಸೆ.

ಔಷಧದಂಗಡಿಯಲ್ಲಿ ಕೇಳಿದೊಡನೆ ಸಿಗುವ, ಸ್ಟೀರಾಯ್ಡ್ ಬೆರೆತ ‘ಬಿಳುಪಿನ’ ಮುಲಾಮುಗಳು ಇನ್ನೊಂದು ಪಿಡುಗು. ಮೊದಲ ವಾರಗಳಲ್ಲಿ ಮುಖ ಹೊಳೆಯುತ್ತದೆ. ತಿಂಗಳುಗಳಲ್ಲಿ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆಯೂ ಕೂದಲೂ ಹೆಚ್ಚಿ, ಮುಲಾಮು ಬಿಟ್ಟರೆ ಉರಿ, ಹಚ್ಚಿದರೆ ಹಾನಿ ಎಂಬ ಸ್ಥಿತಿ ಒದಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ಇಂತಹ ಹದಿನಾಲ್ಕು ಸ್ಟೀರಾಯ್ಡ್‌ಗಳ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿತು. ಮೈಬಣ್ಣ ತಿಳಿಯಾಗಲೆಂದು ರಕ್ತನಾಳಕ್ಕೆ ಗ್ಲುಟಾಥಯೋನ್ ಚುಚ್ಚುವವರೂ ಇದ್ದಾರೆ. ಆ ಉದ್ದೇಶಕ್ಕೆ ಈ ಚುಚ್ಚುಮದ್ದಿಗೆ ಅನುಮೋದನೆಯಿಲ್ಲ. ನಮ್ಮ ಚರ್ಮದ ಮೆಲನಿನ್ ಬಿಸಿಲಿನ ಹಾನಿಯಿಂದ ನಮ್ಮನ್ನು ಕಾಯುವ ಕೊಡೆ. ಅದನ್ನು ಕಳೆಯಬೇಕಾದ ಕೊಳೆಯೆಂದು ಎಣಿಸುವುದು ಸರಿಯಲ್ಲ.

ಹೋಗುವ ಮುನ್ನ

ಚಿಕಿತ್ಸೆ ಮಾಡುವವರು ಯಾರೆಂದು ಸಂಕೋಚವಿಲ್ಲದೆ ಕೇಳಿರಿ. ಚರ್ಮರೋಗಶಾಸ್ತ್ರದಲ್ಲಿಯೋ ಪ್ಲಾಸ್ಟಿಕ್ ಸರ್ಜರಿಯಲ್ಲಿಯೋ ಸ್ನಾತಕೋತ್ತರ ಶಿಕ್ಷಣ ಪಡೆದು, ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರೇ ಎಂದು ವಿಚಾರಿಸಿರಿ. ಗೋಡೆಯ ಮೇಲೆ ತೂಗುಹಾಕಿದ ಎರಡು ದಿನಗಳ ತರಬೇತಿಯ ಪ್ರಮಾಣಪತ್ರವು ವೈದ್ಯ ಪದವಿಯಲ್ಲ.

ಚುಚ್ಚುವ ಔಷಧದ ಹೆಸರು, ತಯಾರಕರು, ಅವಧಿ ಮುಗಿಯುವ ದಿನಾಂಕ ಇವುಗಳನ್ನು ನೋಡಿರಿ. ಶೀಷೆಯನ್ನು ನಿಮ್ಮೆದುರಿಗೇ ತೆರೆಯಲಿ. ಲೇಸರಾದರೆ ಮೊದಲು ಚಿಕ್ಕ ಜಾಗದಲ್ಲಿ ಪರೀಕ್ಷೆಯಾಗಲಿ. ಮಚ್ಚೆಯನ್ನು ವೈದ್ಯರು ಪರೀಕ್ಷಿಸುವ ಮೊದಲು ಲೇಸರಿನಿಂದ ತೆಗೆಸಬಾರದು.

ರಕ್ತ ತೆಳುವಾಗಿಸುವ ಮಾತ್ರೆ, ಮೊಡವೆಗೆ ನುಂಗುವ ಔಷಧ, ಮಧುಮೇಹ, ತುಟಿಯ ಸರ್ಪಸುತ್ತಿನಂತಹ ಗುಳ್ಳೆಗಳು, ಗಾಯ ಮಾಯ್ದ ಜಾಗ ಉಬ್ಬುವ ಪ್ರವೃತ್ತಿ — ಇವುಗಳಲ್ಲಿ ಯಾವುದನ್ನೂ ಮುಚ್ಚಿಡಬೇಡಿರಿ.

ಮದುವೆ ಗೊತ್ತಾದ ಮನೆಗಳಿಗೊಂದು ಮಾತು. ಕೂದಲಿಗೆ ಲೇಸರ್ ಆಗಬೇಕಿದ್ದರೆ ಎಂಟು ಹತ್ತು ತಿಂಗಳು ಮೊದಲೇ ಆರಂಭಿಸಿರಿ. ಕೊನೆಯ ತಿಂಗಳಲ್ಲಿ ಮುಖದ ಮೇಲೆ ಯಾವ ಹೊಸ ಪ್ರಯೋಗವೂ ಬೇಡ.

ಆ ಹುಡುಗಿಯ ಮದುವೆ ನಿಶ್ಚಿತ ಮುಹೂರ್ತದಲ್ಲಿಯೇ ನಡೆಯಿತು. ನಾನೂ ಹೋಗಿದ್ದೆ. ಪ್ರಸಾಧನದ ಅಡಿಯಲ್ಲಿ ಕಲೆಗಳು ಹತ್ತಿರದಿಂದ ಕಾಣುತ್ತಿದ್ದವು. ಅವಳು ಛಾಯಾಚಿತ್ರಗಾರನಿಗೆ ಮತ್ತೆ ಮತ್ತೆ ಎಡಗೆನ್ನೆಯನ್ನೇ ತೋರುತ್ತಿದ್ದುದನ್ನು ನಾನು ಕಂಡೆ. ಕಲೆಗಳು ಮಾಯಲು ಏಳು ತಿಂಗಳು ಹಿಡಿದವು. ಆ ನಡುವೆ ಸ್ತ್ರೀರೋಗತಜ್ಞೆಯಿಂದ ಅವಳ ಪಿ.ಸಿ.ಓ.ಎಸ್.ಗೂ ಚಿಕಿತ್ಸೆ ಆರಂಭವಾಯಿತು. ಮುಟ್ಟು ಕ್ರಮಕ್ಕೆ ಬಂದಿತು. ಕಳೆದ ಯುಗಾದಿಯ ಸಂಘದ ಸಮಾರಂಭದಲ್ಲಿ ಎದುರಾದಾಗ ಅವಳು ಕೇಳಿದ ಮಾತು ನನ್ನ ನೆನಪಿನಲ್ಲಿ ಉಳಿದಿದೆ: “ಆ ದಿನ ಅವರು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತಲ್ಲವೇ, ಡಾಕ್ಟರೇ?”

ಅವರು ಕೇಳದಿದ್ದರೆ ನಾವಾದರೂ ಕೇಳಬೇಕು. ಅದಕ್ಕಾಗಿಯೇ ಈ ಲೇಖನ.